ಶುಕ್ರವಾರದ ಸಾಕ್ಷ್ಯ, ಭಾನುವಾರದ ಪ್ರಶ್ನೆ

ಈಸ್ಟರ್ ಹತ್ತಿರ ಬಂದಂತೆ ಕಾಸರಗೋಡಿನ ಮೊಬೈಲುಗಳಲ್ಲಿ ಹಳೆಯ ವಾದವೊಂದು ಪ್ರತಿವರ್ಷ ತಲೆಯೆತ್ತುತ್ತದೆ. ಶಿಲುಬೆಯ ಮೇಲೆ ಸತ್ತ ಏಸು ಮೂರನೆಯ ದಿನ ಎದ್ದುಬಂದದ್ದಕ್ಕೆ ಚರಿತ್ರೆಯಲ್ಲಿ ಪುರಾವೆ ಇದೆಯೇ? ಹರಿದಾಡುವ ತುಣುಕುಗಳಲ್ಲಿ ಹೆಚ್ಚಿನವು ಮಲಯಾಳದವು, ಕೆಲವು ಇಂಗ್ಲಿಷಿನವು. ಕನ್ನಡದಲ್ಲಿ ಸಿಗುವುದು ಬಹುತೇಕ ಪ್ರವಚನ, ಇಲ್ಲವೇ ಗೇಲಿ. ಐನೂರು ಮಂದಿ ಕಣ್ಣಾರೆ ಕಂಡಿದ್ದಾರೆ, ಇನ್ನೇನು ಬೇಕು ಎನ್ನುತ್ತಾನೆ ಪ್ರಚಾರಕ. ಏಸು ಎಂಬ ಮನುಷ್ಯನೇ ಇರಲಿಲ್ಲ, ಮತ್ತೆಲ್ಲಿಯ ಪುನರುತ್ಥಾನ ಎನ್ನುತ್ತಾನೆ ಯುಕ್ತಿವಾದಿ. ಈಸಾ ನಬಿಯವರು ಶಿಲುಬೆಯಲ್ಲಿ ಸಾಯಲೇ ಇಲ್ಲ ಎನ್ನುತ್ತಾನೆ ಮುಸ್ಲಿಂ ವಾಗ್ಮಿ. ನಮ್ಮಲ್ಲಿ ಇವು ಎಲ್ಲಿಯೋ ಇರುವವರ ಮಾತುಗಳಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಪೇಟೆಗಳಲ್ಲಿ ಇಗರ್ಜಿಗೆ ಹೋಗುವವರೂ ಮಸೀದಿಗೆ ಹೋಗುವವರೂ ಎರಡಕ್ಕೂ ಹೋಗದವರೂ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತಾರೆ.

ಮೂವರೂ ತಮ್ಮ ಕೈಯಲ್ಲಿರುವ ಪುರಾವೆಗಿಂತ ಹೆಚ್ಚು ಹೇಳುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಬೇರೆಬೇರೆಯಾದ ಮೂರು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳುವುದರಿಂದ ಈ ಗೊಂದಲ ಹುಟ್ಟುತ್ತದೆ. ಏಸು ಶಿಲುಬೆಯಲ್ಲಿ ಸತ್ತದ್ದು ಹೌದೇ? ಆತ ಎದ್ದುಬಂದನೆಂದು ಶಿಷ್ಯರು ಯಾವಾಗಿನಿಂದ, ಯಾವ ಆಧಾರದ ಮೇಲೆ ಹೇಳತೊಡಗಿದರು? ಅವರು ಹೇಳಿದ್ದು ನಿಜವಾಗಿ ನಡೆಯಿತೇ? ಮೊದಲನೆಯದಕ್ಕೆ ಚರಿತ್ರೆಯ ಉತ್ತರ ಗಟ್ಟಿಯಾಗಿದೆ. ಎರಡನೆಯದಕ್ಕೆ ನಾವು ನಿರೀಕ್ಷಿಸುವುದಕ್ಕಿಂತ ಚೆನ್ನಾಗಿಯೇ ಇದೆ. ಮೂರನೆಯದರ ಹೊಸ್ತಿಲಲ್ಲಿ ಅದು ನಿಂತುಬಿಡುತ್ತದೆ.

ನಂಬಿಕೆಯ ವಿಷಯದಲ್ಲಿ ಚರಿತ್ರೆಗೇನು ಕೆಲಸ ಎಂದು ಕೆಲವರು ಕೇಳುವುದುಂಟು. ಬೇರೆ ಧರ್ಮಗಳ ಮಟ್ಟಿಗೆ ಆ ಮಾತು ಎಷ್ಟರಮಟ್ಟಿಗೆ ಸರಿಯೋ, ಕ್ರೈಸ್ತರ ಮಟ್ಟಿಗೆ ಸಲ್ಲದು. 1890ರಲ್ಲಿ ಸ್ಥಾಪನೆಯಾದ ಬೇಳದ ವ್ಯಾಕುಲ ಮಾತೆಯ ಇಗರ್ಜಿಯಿರಲಿ, ಬಾಸೆಲ್ ಮಿಶನ್ ಪರಂಪರೆಯ ಕನ್ನಡ ಸಭೆಗಳಿರಲಿ, ಪೂರ್ವದ ಮಲೆಗಳಿಗೆ ವಲಸೆ ಬಂದವರ ಮಲಯಾಳ ಚರ್ಚುಗಳಿರಲಿ, ತಮ್ಮ ನಂಬಿಕೆಯನ್ನು ಸಾರುವ ಪ್ರಾರ್ಥನೆಯಲ್ಲಿ ಅಲ್ಲೆಲ್ಲ ಒಬ್ಬ ರೋಮನ್ ಅಧಿಕಾರಿಯ ಹೆಸರು ಬರುತ್ತದೆ: ಪಿಲಾತ. ಆತನ ಕಾಲದಲ್ಲಿ ಏಸು ಶಿಲುಬೆಗೇರಿದ ಎಂದು ಭಕ್ತರು ಉಚ್ಚರಿಸುತ್ತಾರೆ. ಪ್ರಾರ್ಥನೆಯೊಳಗೆ ಒಂದು ಸರ್ಕಾರಿ ಹೆಸರು ಸೇರಿಕೊಂಡಿರುವುದು ಸಣ್ಣ ಸಂಗತಿಯಲ್ಲ. ಇದು ಇಂಥ ಕಾಲದಲ್ಲಿ, ಇಂಥವನ ಆಡಳಿತದಲ್ಲಿ ನಡೆದದ್ದು ಎಂದು ಸಭೆಯೇ ಹೇಳುತ್ತಿದೆ. ಪಾಸ್ಖದ, ಅಂದರೆ ಈಸ್ಟರಿನ, ಹಿಂದಿನ ಶನಿವಾರ ರಾತ್ರಿ ಕಥೋಲಿಕ ಇಗರ್ಜಿಗಳಲ್ಲಿ ಹೊಸ ಬೆಂಕಿಯಿಂದ ಹಚ್ಚುವ ದೊಡ್ಡ ಮೇಣದಬತ್ತಿಯನ್ನು ಹತ್ತಿರದಿಂದ ನೋಡಿದರೆ ಇದೇ ಧೋರಣೆ ಕಾಣುತ್ತದೆ. ಅದರ ಮೇಲೆ ಶಿಲುಬೆಯ ಗುರುತು, ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳು, ಐದು ಧೂಪದ ಕಾಳುಗಳು ಇರುತ್ತವೆ. ಶಿಲುಬೆಯ ನಾಲ್ಕು ಮೂಲೆಗಳಲ್ಲಿ ಆ ವರ್ಷದ ನಾಲ್ಕು ಅಂಕಿಗಳು. ಕ್ಯಾಲೆಂಡರಿಗೆ ಇಷ್ಟು ಅಂಟಿಕೊಂಡ ನಂಬಿಕೆಯನ್ನು ಚರಿತ್ರೆಯ ಪ್ರಶ್ನೆಗೆ ಒಡ್ಡುವುದು ಅಗೌರವವಲ್ಲ.

ಪಿಲಾತ ಜೆರುಸಲೇಮಿರುವ ಯೂದಾಯ ಪ್ರಾಂತವನ್ನು ಆಳಿದ್ದು ಕ್ರಿಸ್ತಶಕ 26ರಿಂದ 36ರವರೆಗೆ. ಆತನ ಹೆಸರಿರುವ ಕಲ್ಲು 1961ರಲ್ಲಿ ಕೈಸರೈಯದ ಉತ್ಖನನದಲ್ಲಿ ಸಿಕ್ಕಿತು. ಏಸುವನ್ನು ಕೊಲ್ಲಿಸಿದ್ದು ಈತನೇ ಎಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಸುಮಾರು 116ರಲ್ಲಿ ಬರೆದಿದ್ದಾನೆ. ಕ್ರೈಸ್ತರ ಬಗ್ಗೆ ಟ್ಯಾಸಿಟಸನಿಗೆ ಇದ್ದದ್ದು ತಿರಸ್ಕಾರ. ಅವರಿಗೆ ಅನುಕೂಲ ಮಾಡಿಕೊಡುವ ಉದ್ದೇಶ ಅವನಿಗಿರಲಿಲ್ಲ. 93ರ ಸುಮಾರಿಗೆ ಬರೆದ ಯೆಹೂದಿ ಇತಿಹಾಸಕಾರ ಜೋಸೆಫಸನಲ್ಲಿ ಎರಡು ಉಲ್ಲೇಖಗಳಿವೆ. ಅವುಗಳಲ್ಲಿ ಒಂದು ‘ಮೂರನೆಯ ದಿನ ಜೀವಂತನಾಗಿ ಕಾಣಿಸಿಕೊಂಡ’ ಎಂದೇ ಹೇಳುತ್ತದೆ. ಆದರೆ ನಂತರದ ಕ್ರೈಸ್ತ ಲಿಪಿಕಾರರ ಕೈ ಆ ಭಾಗದಲ್ಲಿ ಆಡಿದೆ ಎಂದು ಬಹುತೇಕ ವಿದ್ವಾಂಸರು, ಕ್ರೈಸ್ತ ವಿದ್ವಾಂಸರೂ ಸೇರಿ, ಒಪ್ಪುತ್ತಾರೆ. ಅದನ್ನು ಪುನರುತ್ಥಾನಕ್ಕೆ ಹೊರಗಿನ ಸಾಕ್ಷ್ಯವೆಂದು ವೇದಿಕೆಯಲ್ಲಿ ಬೀಸುವವರು ಒಡಕು ನಾಣ್ಯ ಚಲಾಯಿಸುತ್ತಿದ್ದಾರೆ. ಇನ್ನೊಂದು ಉಲ್ಲೇಖ ಚಿಕ್ಕದು, ಹೆಚ್ಚು ವಿಶ್ವಾಸಾರ್ಹ: ‘ಕ್ರಿಸ್ತನೆನಿಸಿಕೊಂಡ ಏಸುವಿನ ಸಹೋದರ ಯಾಕೋಬ’ನನ್ನು 62ರಲ್ಲಿ ಕಲ್ಲೆಸೆದು ಕೊಂದದ್ದು. ಸಹೋದರನಿದ್ದ ಮನುಷ್ಯನನ್ನು ಇರಲೇ ಇಲ್ಲ ಎನ್ನುವುದು ಕಷ್ಟ. ತಾನು ನಂಬಿಕೆಯಿಲ್ಲದವನೆಂದು ಹೇಳಿಕೊಳ್ಳುವ ಅಮೆರಿಕದ ಬೈಬಲ್ ವಿದ್ವಾಂಸ ಬಾರ್ಟ್ ಎರ್ಮನ್ ಅವರೇ 2012ರಲ್ಲಿ ‘ಏಸು ಇರಲಿಲ್ಲ’ ವಾದದ ವಿರುದ್ಧ ಒಂದು ಪುಸ್ತಕ ಬರೆದರು. ನಮ್ಮ ಯುಕ್ತಿವಾದಿಗಳು ಇದನ್ನು ಗಮನಿಸಿದಂತಿಲ್ಲ.

ಮಂಜೇಶ್ವರದ ಗೋವಿಂದ ಪೈಗಳು ಇಲ್ಲಿ ನೆನಪಾಗುತ್ತಾರೆ. ಕಾಲನಿರ್ಣಯದ ವಿಷಯ ಬಂದರೆ ಒಂದು ವರ್ಷಕ್ಕೂ ಜಗ್ಗದ ಸಂಶೋಧಕ ಅವರು. ಕ್ರಿಸ್ತನ ಮೇಲೆ ಅವರು ಬರೆದ ‘ಗೊಲ್ಗೊಥಾ’ದ ವಸ್ತು ಆತನ ಕೊನೆಯ ದಿನ. ಕವಿಯ ಆಯ್ಕೆಗೆ ಕಾರಣ ಹುಡುಕುವುದು ನನ್ನ ಕೆಲಸವಲ್ಲ. ಚರಿತ್ರಕಾರನ ಕಾಲಿಗೂ ನೆಲ ಗಟ್ಟಿಯಾಗಿ ಸಿಗುವುದು ಏಸು ಶಿಲುಬೆಗೇರಿದ ಆ ಶುಕ್ರವಾರದಲ್ಲೇ.

ಕುರ್‌ಆನಿನ ನಾಲ್ಕನೆಯ ಅಧ್ಯಾಯದ 157ನೆಯ ವಚನ, ಅವರು ಆತನನ್ನು ಕೊಲ್ಲಲಿಲ್ಲ, ಶಿಲುಬೆಗೇರಿಸಲಿಲ್ಲ, ಅವರಿಗೆ ಹಾಗೆ ತೋರಿತು ಎನ್ನುತ್ತದೆ. ಮುಸ್ಲಿಮರಿಗೆ ಅದು ದೇವವಾಣಿ. ಅದಕ್ಕೆ ಟ್ಯಾಸಿಟಸನ ಅನುಮೋದನೆ ಬೇಕಾಗಿಲ್ಲ. ಅದನ್ನೇ ಚರಿತ್ರೆಯ ತೀರ್ಮಾನವೆಂದು ಮಂಡಿಸಿದಾಗ ಮಾತ್ರ ತೊಡಕು ಬರುತ್ತದೆ. ಮೊದಲ ಶತಮಾನದ ದಾಖಲೆಗಳ ಎದುರು ಆರು ಶತಮಾನ ತಡವಾಗಿ ಬಂದ ಪಠ್ಯವನ್ನು ಇತಿಹಾಸಕಾರ ಅದೇ ತೂಕಕ್ಕೆ ಹಿಡಿಯಲಾರ. ಅಹ್ಮದಿಯಾ ಪಂಥದ ಮಿರ್ಜಾ ಗುಲಾಮ್ ಅಹ್ಮದ್ ಬೇರೆ ದಾರಿ ಹಿಡಿದರು. ಏಸು ಶಿಲುಬೆಯಲ್ಲಿ ಮೂರ್ಛೆ ಹೋಗಿ ಬದುಕಿ ಉಳಿದು ಕಾಶ್ಮೀರಕ್ಕೆ ಬಂದ, ಶ್ರೀನಗರದ ರೋಜಾಬಾಲ್ ಆತನ ಸಮಾಧಿ ಎಂದರು. ಮೂರ್ಛೆಯ ವಾದ ಯೂರೋಪಿನಲ್ಲೂ ಇತ್ತು. ಅದನ್ನು ತೀವ್ರವಾಗಿ ತಳ್ಳಿಹಾಕಿದವರಲ್ಲಿ ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ವಾಂಸ ಡೇವಿಡ್ ಸ್ಟ್ರೌಸ್ ಪ್ರಮುಖ, ಅವನು ಪವಾಡಗಳನ್ನೇ ಒಪ್ಪದವನು. ಕೊರಡೆಯೇಟು ತಿಂದು, ಮೊಳೆ ಹೊಡೆಸಿಕೊಂಡು, ಅರೆಜೀವವಾಗಿ ತೆವಳಿಕೊಂಡು ಬಂದವನನ್ನು ಕಂಡು ‘ಈತ ಸಾವನ್ನು ಗೆದ್ದ’ ಎಂದು ಯಾರೂ ಹೇಳುವುದಿಲ್ಲ, ‘ವೈದ್ಯರನ್ನು ಕರೆಸಿ’ ಎನ್ನುತ್ತಾರೆ ಎಂಬುದು ಅವನ ವಾದದ ಸಾರ.

ಇನ್ನು ಐನೂರು ಮಂದಿಯ ವಿಷಯ. ಈ ಇಡೀ ವಾದದಲ್ಲಿ ನಿಜವಾದ ತೂಕವಿರುವ ದಾಖಲೆ ಇದೊಂದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಮೊದಲು ಕ್ರೈಸ್ತರನ್ನು ಹಿಂಸಿಸುತ್ತಿದ್ದು ಆಮೇಲೆ ಅವರ ಪ್ರಚಾರಕನೇ ಆದ ಸಂತ ಪೌಲ 54ರ ಆಸುಪಾಸಿನಲ್ಲಿ ಎಫೆಸದಿಂದ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಕೆಲವೇ ಸಾಲುಗಳಿವೆ. ನಾನು ಪಡೆದದ್ದನ್ನೇ ನಿಮಗೆ ಒಪ್ಪಿಸಿದೆ ಎಂದು ಆರಂಭಿಸಿ ಆತ ಪಟ್ಟಿ ಕೊಡುತ್ತಾನೆ: ಕ್ರಿಸ್ತ ಸತ್ತ, ಹೂಳಲ್ಪಟ್ಟ, ಮೂರನೆಯ ದಿನ ಎಬ್ಬಿಸಲ್ಪಟ್ಟ, ಕೇಫನಿಗೆ, ಅಂದರೆ ಶಿಷ್ಯ ಪೇತ್ರನಿಗೆ, ಕಾಣಿಸಿಕೊಂಡ, ಆಮೇಲೆ ಹನ್ನೆರಡು ಮಂದಿಗೆ, ಆಮೇಲೆ ಒಮ್ಮೆಗೇ ಐನೂರಕ್ಕೂ ಹೆಚ್ಚು ಸಹೋದರರಿಗೆ, ಅವರಲ್ಲಿ ಹೆಚ್ಚಿನವರು ಇನ್ನೂ ಇದ್ದಾರೆ, ಆಮೇಲೆ ಯಾಕೋಬನಿಗೆ, ಆಮೇಲೆ ಎಲ್ಲ ಅಪೊಸ್ತಲರಿಗೆ, ಕಟ್ಟಕಡೆಗೆ ನನಗೂ.

ಇದರ ಬಲ ಇರುವುದು ಎಲ್ಲಿ? ಮೊದಲನೆಯದಾಗಿ, ಈ ಪಟ್ಟಿಯ ಹೆಚ್ಚಿನ ಭಾಗ ಪೌಲನ ಸ್ವಂತ ರಚನೆಯಲ್ಲ. ಅದು ಅವನಿಗಿಂತ ಮೊದಲೇ ಬಾಯಿಪಾಠವಾಗಿ ಸಾಗುತ್ತಿತ್ತು. ಏಸು ಸತ್ತದ್ದು 30ರಲ್ಲಿ ಅಥವಾ 33ರಲ್ಲಿ. ಪೌಲ ತನ್ನ ಮನಃಪರಿವರ್ತನೆಯಾದ ಮೂರು ವರ್ಷಗಳ ಬಳಿಕ ಜೆರುಸಲೇಮಿಗೆ ಹೋಗಿ ಪೇತ್ರನ ಜೊತೆ ಹದಿನೈದು ದಿನ ಇದ್ದುದನ್ನು, ಯಾಕೋಬನನ್ನೂ ಕಂಡುದನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ತಾನೇ ಹೇಳುತ್ತಾನೆ. ಪುನರುತ್ಥಾನವನ್ನು ಖಂಡತುಂಡವಾಗಿ ನಿರಾಕರಿಸಿದ ಜರ್ಮನ್ ವಿದ್ವಾಂಸ ಗೆರ್ಡ್ ಲ್ಯೂಡೆಮನ್ ಕೂಡ ಈ ಪಟ್ಟಿಯ ಮೂಲವನ್ನು ಏಸುವಿನ ಸಾವಿನ ನಂತರದ ಎರಡು ಮೂರು ವರ್ಷಗಳೊಳಗೆ ಇಟ್ಟರು. ತಲೆಮಾರುಗಳ ಮೇಲೆ ಹೆಣೆದ ಕಟ್ಟುಕತೆ ಎಂಬ ವಾದ ಇಲ್ಲಿಗೆ ಮುಗಿಯಿತು. ಹೇಳಿಕೆ ಆರಂಭದಿಂದಲೇ ಇತ್ತು, ಪ್ರಾಣ ತೆರುವಷ್ಟು ಪ್ರಾಮಾಣಿಕವಾಗಿಯೂ ಇತ್ತು.

ಆದರೆ ಪ್ರಚಾರಕರು ಇದೇ ಸಾಲುಗಳ ಮೇಲೆ ಹೇರುವ ಭಾರ ವಿಪರೀತ. ಐನೂರು ಮಂದಿ ಕಂಡರು ಎನ್ನುವುದು ಐನೂರು ಸಾಕ್ಷ್ಯಗಳಲ್ಲ, ಒಬ್ಬನ ಒಂದು ವಾಕ್ಯ. ಯಾರ ಹೆಸರೂ ಇಲ್ಲ, ಊರಿಲ್ಲ, ಏನನ್ನು ಕಂಡರೆಂಬ ವಿವರವಿಲ್ಲ. ಏಸುವಿನ ಜೀವನವನ್ನು ಹೇಳುವ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ (ಮತ್ತಾಯ, ಮಾರ್ಕ, ಲೂಕ, ಯೋಹಾನ) ಒಂದೂ ಈ ಘಟನೆಯನ್ನು ಹೇಳುವುದಿಲ್ಲ. ಹೆಚ್ಚಿನವರು ಬದುಕಿದ್ದಾರೆ ಎಂಬುದು ಹೋಗಿ ಕೇಳಿ ಎಂಬ ಸವಾಲೆಂದೇ ಇಟ್ಟುಕೊಂಡರೂ, ಗ್ರೀಸಿನ ಕೊರಿಂಥದವರು ಹಡಗು ಹತ್ತಿ ಗಲಿಲಾಯಕ್ಕೆ ವಿಚಾರಿಸಲು ಹೊರಡುವವರಲ್ಲ. ಮೌಖಿಕ ಸಾಕ್ಷ್ಯ ನೇರವಾಗಿರಬೇಕು, ಕಂಡದ್ದನ್ನು ಕಂಡವನೇ ಬಂದು ಹೇಳಬೇಕು ಎಂಬುದು 1872ರ ನಮ್ಮ ಸಾಕ್ಷ್ಯ ಕಾಯಿದೆಯ ನಿಯಮವಾಗಿತ್ತು. ಅದರ ಜಾಗಕ್ಕೆ ಬಂದಿರುವ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಅದು ಉಳಿದಿದೆ. ಅದರ ಪ್ರಕಾರ ಐನೂರು ಮಂದಿಯ ಮಾತು ಕಾಸರಗೋಡಿನ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ. ನೇರ ಸಾಕ್ಷಿ ಎಂದು ಉಳಿಯುವವನು ಪೌಲನೊಬ್ಬನೇ. ಅವನು ಏನು ಕಂಡ? ಬೈಬಲಿನ ‘ಅಪೊಸ್ತಲರ ಕಾರ್ಯಗಳು’ ಪುಸ್ತಕದಲ್ಲಿ ಈ ಕತೆ ಮೂರು ಬಾರಿ ಬರುತ್ತದೆ: ದಮಸ್ಕದ ದಾರಿಯಲ್ಲಿ ಆಕಾಶದಿಂದ ಬೆಳಕು, ಒಂದು ಧ್ವನಿ. ಮುಟ್ಟಬಹುದಾದ, ಮೀನು ತಿನ್ನುವ ದೇಹವಲ್ಲ. ಅದನ್ನೇ ಪೌಲ ಪೇತ್ರನ ಅನುಭವದ ಸಾಲಿನಲ್ಲಿ ಎಣಿಸುತ್ತಾನೆ.

ಹಾಗೆಂದು ನ್ಯಾಯಾಲಯದ ಅಳತೆಗೋಲನ್ನೇ ಹಿಡಿದು ಹೊರಟರೆ ಪ್ರಾಚೀನ ಚರಿತ್ರೆ ಪೂರ್ತಿ ಕುಸಿಯುತ್ತದೆ. ನಮ್ಮದೂ ಕುಸಿಯುತ್ತದೆ. ಕದಂಬರ ಮಯೂರಶರ್ಮ ಕಂಚಿಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾದದ್ದು, ದರ್ಭೆ ಬಿಟ್ಟು ಕತ್ತಿ ಹಿಡಿದದ್ದು ನಮಗೆ ಗೊತ್ತಿರುವುದು ತಾಳಗುಂದದ ಶಾಸನದಿಂದ. ಆ ಶಾಸನ ಮಯೂರಶರ್ಮನ ಕಾಲಕ್ಕಿಂತ ಸುಮಾರು ನೂರು ವರ್ಷ ಈಚಿನದು, ಬರೆಸಿದ್ದು ಅವನದೇ ವಂಶದವರು. ಆದರೂ ಶಾಲೆಯ ಪಠ್ಯದಲ್ಲಿ ಇದೆ, ಇರಬೇಕಾದದ್ದೇ. ಅದೇ ಶಾಸನ ಇನ್ನೊಂದನ್ನೂ ಹೇಳುತ್ತದೆ: ಷಣ್ಮುಖನೇ ಮಾತೃಕೆಯರೊಡನೆ ಬಂದು ಅವನಿಗೆ ಅಭಿಷೇಕ ಮಾಡಿದ. ಜಗಳವನ್ನು ಒಪ್ಪುವ ಇತಿಹಾಸಕಾರ ಈ ಅಭಿಷೇಕವನ್ನು ವಂಶದ ನಂಬಿಕೆ ಎಂದು ಬದಿಗಿಡುತ್ತಾನೆ. ಕಲ್ಲು ಒಂದೇ, ಕುಬ್ಜನೆಂಬ ಕವಿಯೂ ಒಬ್ಬನೇ. ಹಾಗಾದರೆ ಈ ಭೇದ ಎಲ್ಲಿಂದ ಬಂತು? ದಾಖಲೆಯ ಗುಣಮಟ್ಟದಿಂದಂತೂ ಅಲ್ಲ. ಮನುಷ್ಯರು ಜಗಳವಾಡುವುದು ನಮಗೆ ಗೊತ್ತು, ದೇವರು ಬಂದು ಪಟ್ಟ ಕಟ್ಟುವುದು ಗೊತ್ತಿಲ್ಲ, ಅಷ್ಟೇ. ತಾಳಗುಂದದಲ್ಲಿ ಈ ನಿಯಮ ಹಿಡಿಯುವವರು ಜೆರುಸಲೇಮಿನಲ್ಲಿ ಬಿಡುವ ಹಾಗಿಲ್ಲ. ಜೆರುಸಲೇಮಿನಲ್ಲಿ ಹಿಡಿಯುವ ಯುಕ್ತಿವಾದಿ ಅದು ಪುರಾವೆಯಿಂದ ಬಂದ ತೀರ್ಮಾನವಲ್ಲ, ಮೊದಲೇ ಇಟ್ಟುಕೊಂಡ ನಿಯಮ ಎಂಬುದನ್ನು ಮರೆಯುವ ಹಾಗಿಲ್ಲ. ದಾಖಲೆ ತೋರಿಸಿದರೆ ಗೆದ್ದಂತೆ ಎಂಬ ಭ್ರಮೆ, ತಮ್ಮ ನೆಲ ಕನ್ನಡನಾಡಿಗೆ ಸೇರಬೇಕೆಂದ 1967ರ ಮಹಾಜನ ವರದಿಯನ್ನು ಇಷ್ಟು ವರ್ಷ ಎತ್ತಿ ತೋರಿಸುತ್ತ ಬಂದ ಕಾಸರಗೋಡಿನ ಕನ್ನಡಿಗರಿಗಾದರೂ ಇರಬಾರದು.

ಬರಿದಾದ ಸಮಾಧಿಯ ವಿಷಯ ಇಷ್ಟು ಸ್ಪಷ್ಟವಿಲ್ಲ. ಪೌಲ ಅದನ್ನು ಹೇಳುವುದೇ ಇಲ್ಲ. ‘ಹೂಳಲ್ಪಟ್ಟ’ ಎನ್ನುತ್ತಾನೆ, ಅಷ್ಟೆ. ಮೊದಲು ಹೇಳುವವನು ಮಾರ್ಕ, ಸುಮಾರು 70ರಲ್ಲಿ. ನಾಲ್ಕನೆಯ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆ, ಹೆಂಗಸರು ಹೆದರಿ ಸಮಾಧಿಯಿಂದ ಓಡಿಹೋದರು, ಯಾರಿಗೂ ಏನೂ ಹೇಳಲಿಲ್ಲ ಎಂಬಲ್ಲಿಗೆ ನಿಂತುಬಿಡುತ್ತದೆ. ದರ್ಶನಗಳನ್ನು ಹೇಳುವ ಮುಂದಿನ ಹನ್ನೆರಡು ವಚನಗಳು ನಂತರ ಸೇರಿದವು. ಮತ್ತಾಯನಲ್ಲಿ ಶಿಷ್ಯರು ಆತನನ್ನು ಕಾಣುವುದು ಗಲಿಲಾಯದ ಬೆಟ್ಟದಲ್ಲಿ. ಲೂಕನಲ್ಲಿ ಜೆರುಸಲೇಮಿನಲ್ಲಿ, ಊರು ಬಿಟ್ಟು ಹೋಗಬೇಡಿ ಎಂಬ ಅಪ್ಪಣೆಯೊಂದಿಗೆ. ಸಮಾಧಿಗೆ ಕಾವಲುಗಾರರಿದ್ದರು ಎನ್ನುವವನು ಮತ್ತಾಯನೊಬ್ಬನೇ. ಏಸು ಸತ್ತ ಗಳಿಗೆಯಲ್ಲಿ ಗೋರಿಗಳು ತೆರೆದು, ಎಷ್ಟೋ ಸಂತರು ಎದ್ದು ಪಟ್ಟಣದಲ್ಲಿ ಹಲವರಿಗೆ ಕಾಣಿಸಿಕೊಂಡರು ಎನ್ನುವವನೂ ಅವನೇ. ಪುನರುತ್ಥಾನವನ್ನು ಚಾರಿತ್ರಿಕವೆಂದು ಸಮರ್ಥಿಸಿ 2010ರಲ್ಲಿ ದೊಡ್ಡ ಗ್ರಂಥ ಬರೆದ ಮೈಕಲ್ ಲಿಕೋನ ಈ ಒಂದು ಪ್ರಸಂಗ ಕಾವ್ಯಾಲಂಕಾರ ಇರಬಹುದು ಎಂದದ್ದಕ್ಕೆ ತಮ್ಮ ವಲಯದಲ್ಲೇ ದೊಡ್ಡ ವಿರೋಧ ಎದುರಿಸಬೇಕಾಯಿತು. ಪುರಾವೆಯನ್ನು ಪುರಾವೆಯಾಗಿ ನೋಡುತ್ತೇವೆ ಎನ್ನುವವರ ಸಹನೆಗೂ ಒಂದು ಎಲ್ಲೆ ಇದೆ.

ಆದರೂ ಸಮಾಧಿಯ ಕತೆಯನ್ನು ಪೂರ್ತಿ ತಳ್ಳಿಹಾಕುವುದು ಸುಲಭವಲ್ಲ. ನಾಲ್ಕು ಸುವಾರ್ತೆಗಳಲ್ಲೂ ಮೊದಲು ಅಲ್ಲಿಗೆ ಹೋದವರು ಹೆಂಗಸರು, ಎಲ್ಲದರಲ್ಲೂ ಮಗ್ದಲದ ಮರಿಯ ಇದ್ದಾಳೆ. ಹೆಂಗಸರ ಸಾಕ್ಷ್ಯ ಒಪ್ಪಬಾರದು ಎಂದು ಜೋಸೆಫಸ್ ಬರೆದ ಕಾಲ ಅದು. ಅವರ ಮಾತು ಶಿಷ್ಯರಿಗೇ ಹರಟೆಯಾಗಿ ಕಂಡಿತು ಎಂದು ಲೂಕ ಹೇಳುತ್ತಾನೆ. ಎರಡನೆಯ ಶತಮಾನದ ಕ್ರೈಸ್ತವಿರೋಧಿ ಲೇಖಕ ಕೆಲ್ಸಸ್ ಇದನ್ನು ಹಿಡಿದೇ ಲೇವಡಿ ಮಾಡಿದ. ಕತೆ ಕಟ್ಟುವವರು ಇಂಥ ಸಾಕ್ಷಿಗಳನ್ನು ಆರಿಸುತ್ತಿರಲಿಲ್ಲ ಎಂಬ ವಾದದಲ್ಲಿ ಹುರುಳಿದೆ. ಶಿಲುಬೆಗೇರಿಸಿದವರನ್ನು ಹೂಳಲು ಬಿಡುತ್ತಿರಲಿಲ್ಲ, ನಾಯಿ ಹದ್ದುಗಳಿಗೆ ಬಿಡುತ್ತಿದ್ದರು ಎಂಬುದು ಎದುರಾಳಿಗಳ ಆಕ್ಷೇಪ. ಆದರೆ 1968ರಲ್ಲಿ ಜೆರುಸಲೇಮಿನ ಹೊರವಲಯದ ಗೋರಿಯೊಂದರಲ್ಲಿ ಯೆಹೋಹನಾನ್ ಎಂಬವನ ಅಸ್ಥಿಪೆಟ್ಟಿಗೆ ಸಿಕ್ಕಿತು; ಹಿಮ್ಮಡಿಯ ಮೂಳೆಯಲ್ಲಿ ಕಬ್ಬಿಣದ ಮೊಳೆ ಹಾಗೆಯೇ ಇತ್ತು. ಶಿಲುಬೆಗೇರಿದ ಒಬ್ಬನಿಗಾದರೂ ಕುಟುಂಬದ ಗೋರಿ ದಕ್ಕಿತ್ತು.

ವಸ್ತುರೂಪದ ಪುರಾವೆಗಳ ಕತೆ ಬೇಗ ಮುಗಿಯುತ್ತದೆ. ಏಸುವಿನ ದೇಹಕ್ಕೆ ಸುತ್ತಿದ್ದೆಂದು ಹಲವರು ನಂಬುವ ಟ್ಯೂರಿನ್ನಿನ ಶವವಸ್ತ್ರಕ್ಕೆ 1988ರ ಕಾರ್ಬನ್ ಪರೀಕ್ಷೆ ಕೊಟ್ಟ ಕಾಲ 1260ರಿಂದ 1390. ಗೋರಿ ಕದಲಿಸಿದವರಿಗೆ ಮರಣದಂಡನೆ ಎನ್ನುವ ನಜರೇತಿನ ಶಾಸನವನ್ನು, ಬರಿದಾದ ಸಮಾಧಿಯ ಸುದ್ದಿಗೆ ಚಕ್ರವರ್ತಿಯ ಪ್ರತಿಕ್ರಿಯೆ ಎಂದು ಹಲವರು ಬಗೆದಿದ್ದರು. ಆ ಅಮೃತಶಿಲೆ ಗ್ರೀಸಿನ ಕೋಸ್ ದ್ವೀಪದ ಗಣಿಯದೆಂದು 2020ರ ಅಧ್ಯಯನ ತೋರಿಸಿದ ಮೇಲೆ ಆ ಊಹೆ ಸೊರಗಿದೆ.

ಶಿಷ್ಯರು ಕಂಡದ್ದು ದುಃಖದಲ್ಲಿ ಮೂಡಿದ ದರ್ಶನ ಎಂಬ ವಿವರಣೆ ಈಗ ಹೆಚ್ಚು ಚಲಾವಣೆಯಲ್ಲಿದೆ. 1971ರಲ್ಲಿ ವೇಲ್ಸಿನ ವೈದ್ಯ ಡ್ಯೂಯಿ ರೀಸ್ 293 ವಿಧವೆ, ವಿಧುರರನ್ನು ಮಾತನಾಡಿಸಿದಾಗ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ತೀರಿಕೊಂಡ ಸಂಗಾತಿಯ ಇರವನ್ನು ಅನುಭವಿಸಿದ್ದರು. ಕಣ್ಣಿಂದ ಕಂಡವರು ಶೇಕಡಾ 14. ಗುರುವನ್ನು ಮೂರು ಬಾರಿ ಅಲ್ಲಗಳೆದು ಕೊರಗುತ್ತಿದ್ದ ಪೇತ್ರನಿಗೆ ಇದು ಚೆನ್ನಾಗಿ ಹೊಂದುತ್ತದೆ. ಕೊರಗುವುದಿರಲಿ, ಕ್ರೈಸ್ತರನ್ನು ಹಿಡಿದು ಹಿಂಸಿಸುತ್ತಿದ್ದ ಪೌಲನಿಗೆ ಹೊಂದುವುದಿಲ್ಲ. ಅಣ್ಣನಿಗೆ ಹುಚ್ಚು ಹಿಡಿದಿದೆ ಎಂದುಕೊಂಡಿದ್ದ ಮನೆಯವರಲ್ಲಿ ಒಬ್ಬನಾದ ಯಾಕೋಬನ ಬದಲಾವಣೆಯೂ ಸಲೀಸಾಗಿ ಬಿಡಿಸುವ ಗಂಟಲ್ಲ. ಅದೂ ಅಲ್ಲದೆ, ತೀರಿಹೋದವರು ಕಂಡರು ಎನ್ನುವ ಯಾರೂ ಅವರು ಗೋರಿಯಿಂದ ಎದ್ದುಬಂದರು ಎನ್ನುವುದಿಲ್ಲ.

ಕ್ಯಾಮೆರಾ ಇದ್ದಿದ್ದರೆ ಎಲ್ಲ ತೀರುತ್ತಿತ್ತು ಎಂಬ ಮಾತನ್ನು ಕೇಳಿದ್ದೇನೆ. ಕುಂಬಳೆಯ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಿತು. 2023ರ ನವೆಂಬರಿನಲ್ಲಿ ಅಲ್ಲಿ ಇನ್ನೊಂದು ಮೊಸಳೆ ಕಂಡಿತು. ಮೊಬೈಲ್ ಚಿತ್ರಗಳಿವೆ, ಮೊಸಳೆ ಬಂದದ್ದರಲ್ಲಿ ಯಾರಿಗೂ ಸಂಶಯವಿಲ್ಲ. ಅದು ಹೊಳೆಯಿಂದ ತೆವಳಿ ಬಂದದ್ದೋ ದೇವರ ಸಂಕಲ್ಪವೋ ಎಂಬುದಕ್ಕೆ ಚಿತ್ರಗಳು ಉತ್ತರಿಸುವುದಿಲ್ಲ. ಸಮಾಧಿಯ ಎದುರು ಕ್ಯಾಮೆರಾ ಇಟ್ಟಿದ್ದರೆ ಬರಿದಾದದ್ದು ಕಾಣುತ್ತಿತ್ತು, ಒಂದು ಆಕೃತಿಯೂ ಕಾಣುತ್ತಿತ್ತೇನೋ. ದೇವರು ಎಬ್ಬಿಸಿದ ಎಂಬುದು ಆಗಲೂ ವ್ಯಾಖ್ಯಾನವೇ.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರ ದಾರಿ ಇಲ್ಲಿ ನಡೆಯದು. ಅವರದು ಎದುರಿಗೇ ಮಾಡಿ ತೋರಿಸಿ ಎಂಬ ಸವಾಲು. ಎರಡು ಸಾವಿರ ವರ್ಷದ ಹಿಂದಿನದನ್ನು ಮಾಡಿ ತೋರಿಸುವವರು ಯಾರು? ಉಳಿಯುವುದು ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮನ 1748ರ ವಾದ: ಸಾಕ್ಷಿ ಸುಳ್ಳಾಗುವುದೇ ಆ ಪವಾಡಕ್ಕಿಂತ ದೊಡ್ಡ ಪವಾಡವೆನಿಸಬೇಕು, ಆಗ ಮಾತ್ರ ನಂಬಬಹುದು. ಹ್ಯೂಮ್ ಎಡವಿದ್ದಾನೆ, ಪರಸ್ಪರ ಸ್ವತಂತ್ರವಾದ ಸಾಕ್ಷಿಗಳು ಸಾಕಷ್ಟಿದ್ದರೆ ಎಂಥ ಅಸಂಭವವನ್ನೂ ಮೀರಬಹುದು ಎಂದು ವಿಜ್ಞಾನದ ತತ್ತ್ವಶಾಸ್ತ್ರಜ್ಞ ಜಾನ್ ಅರ್ಮನ್ 2000ದಲ್ಲಿ ಉತ್ತರಿಸಿದರು. ಸರಿಯೇ. ಆದರೆ ಮತ್ತಾಯ, ಲೂಕರು ಮಾರ್ಕನನ್ನು ಮುಂದಿಟ್ಟುಕೊಂಡು ಬರೆದವರು, ಐನೂರು ಮಂದಿ ಪೌಲನ ಬಾಯಲ್ಲಿರುವವರು. ಸ್ವತಂತ್ರ ಸಾಕ್ಷಿಗಳ ಎಣಿಕೆ ಬೆರಳು ದಾಟುವುದಿಲ್ಲ.

ಹಾಗಾಗಿ ಒಂದೇ ಪುರಾವೆ ಓದಿದವರು ಬೇರೆಬೇರೆ ಕಡೆ ತಲುಪುತ್ತಾರೆ. ಯೆಹೂದಿ ವಿದ್ವಾಂಸ ಪಿಂಖಸ್ ಲಪೀಡೆ ಪುನರುತ್ಥಾನ ನಡೆದದ್ದೇ ಎಂದು 1970ರ ದಶಕದಲ್ಲಿ ಬರೆದು, ಯೆಹೂದಿಯಾಗಿಯೇ ಉಳಿದರು. ಸತ್ತವರನ್ನು ದೇವರು ಎಬ್ಬಿಸಬಲ್ಲ ಎಂಬುದು ಅವರ ಧರ್ಮದಲ್ಲೇ ಇತ್ತು. ಏಸುವೇ ತಮ್ಮ ಜನ ಕಾದಿದ್ದ ಮೆಸ್ಸೀಯ ಎನ್ನಲು ಅಷ್ಟು ಸಾಲದೆಂದು ಅವರಿಗೆ ಅನ್ನಿಸಿತು. ಲೂಥರನ್ ಪರಂಪರೆಯಲ್ಲಿ ದೇವಶಾಸ್ತ್ರ ಕಲಿಸುತ್ತಿದ್ದ ಲ್ಯೂಡೆಮನ್ ಅದೇ ಸಾಲುಗಳನ್ನು ಓದಿ ಕ್ರೈಸ್ತಧರ್ಮವನ್ನೇ ಬಿಟ್ಟರು.

ನಮ್ಮ ಊರಿನ ವಾದಗಳಲ್ಲಿ ಕ್ರೈಸ್ತನೂ ಮುಸ್ಲಿಮನೂ ಎದುರುಬದುರಾದಾಗ ಹ್ಯೂಮನಿಗೆ ಜಾಗವೇ ಇಲ್ಲ. ದೇವರನ್ನೂ ಪವಾಡವನ್ನೂ ಕನ್ಯೆಯ ಮಗನನ್ನೂ ಇಬ್ಬರೂ ಒಪ್ಪುತ್ತಾರೆ. ಅವರ ಜಗಳ ಇರುವುದು ಶುಕ್ರವಾರದ ಬಗ್ಗೆ, ಅಲ್ಲಿ ಇತಿಹಾಸಕಾರ ಕ್ರೈಸ್ತನ ಪಕ್ಕ ನಿಲ್ಲುತ್ತಾನೆ. ಕ್ರೈಸ್ತನೂ ಯುಕ್ತಿವಾದಿಯೂ ಎದುರಾದಾಗ ಜಗಳ ಇರಬೇಕಾದದ್ದು ದೇವರು ಇದ್ದಾನೆಯೇ, ಇದ್ದರೆ ಲೋಕದೊಳಗೆ ಕೈಹಾಕುತ್ತಾನೆಯೇ ಎಂಬುದರ ಮೇಲೆ. ಅವರು ಮಾತ್ರ ಸಮಾಧಿಯ ಕಲ್ಲು ಯಾರು ಉರುಳಿಸಿದರು ಎಂದು ಮೂರು ಗಂಟೆ ವಾದಿಸುತ್ತಾರೆ.